ಲ್ಯಾಬಲ್ಲಿ ರಕ್ತನಾಳದ ಉರಿ ಆರಿಸಿದ ದ್ರಾಕ್ಷಿ ಬೀಜ, ನಮ್ಮೆಜಮಾನ್ರ ಎದೆಗೂ ಆಗುತ್ತಾ?

ಚಿಂತಾಮಣಿ ಕಡೆಯಿಂದ ಒಬ್ಬರು ಅಮ್ಮ ಬರೆದಿದ್ದಾರೆ:

"ಡಾಕ್ಟ್ರೇ ನಮಸ್ಕಾರ. ನಮ್ಮೆಜಮಾನ್ರಿಗೆ 54. ಬೆಂಗಳೂರಲ್ಲಿ ಸ್ಟೆಂಟ್ ಹಾಕಿಸಿ 14 ತಿಂಗಳಾಯ್ತು. ಶುಗರ್ರು ಬಿಪಿ ಎರಡೂ ಇದೆ. ಎಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ 40, ಟೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ತಗೊಳ್ತಾ ಇದಾರೆ. ಬೀಡಿ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ನಾಲ್ಕೈದಕ್ಕೆ ಬಂದಿದಾರೆ. ನಮ್ಮ ಮೈದುನನ ಸ್ನೇಹಿತ ಒಬ್ಬರು ಮನೆಗೆ ಬಂದು ಒಂದು ಲೋಟ ನೀರಿಗೆ ಬೆಟಾಡಿನ್ ಹಾಕಿ ಕಂದು ಬಣ್ಣ ಮಾಡಿ, ಅವರ ಕ್ಯಾಪ್ಸೂಲ್ ಬಿಚ್ಚಿ ಹಾಕಿದ್ರು, ನೀರು ತಿಳಿಯಾಗೋಯ್ತು. ದ್ರಾಕ್ಷಿ ಬೀಜ, ಅರಿಶಿನ, ನೆಲ್ಲಿ, ಮೆಣಸಿನ ಸತ್ವ ಅಂತೆ. ಮನುಷ್ಯನ ರಕ್ತನಾಳದ ಸೆಲ್ ಮೇಲೆ ಟೆಸ್ಟ್ ಮಾಡಿ ಪ್ರೂವ್ ಆಗಿದೆ ಅಂತ ಪಾಂಪ್ಲೆಟ್ ಕೊಟ್ರು. ತಿಂಗಳಿಗೆ 2400 ರೂಪಾಯಿ. ಇವರು ಅದನ್ನ ತಗೊಂಡು ಇಂಗ್ಲಿಷ್ ಮಾತ್ರೆ ಒಂದೊಂದಾಗಿ ಬಿಡ್ತೀನಿ ಅಂತ ಕೂತಿದಾರೆ. ನಮ್ಮದೇ ಒಂದೂವರೆ ಎಕರೆ ದಿಲ್‌ಖುಷ್ ದ್ರಾಕ್ಷಿ ತೋಟ ಇದೆ, ಬೀಜ ನಾವೇ ಪುಡಿ ಮಾಡ್ಕೊಂಡ್ರೆ ಆಗಲ್ವಾ? ಇದು ನಿಜಾನಾ ಮೋಸಾನಾ ಹೇಳಿ."

ಅಮ್ಮಾ, ನಿಜಾನಾ ಮೋಸಾನಾ ಅಂತ ಕೇಳಿದ್ರಲ್ಲ, ಕಷ್ಟ ಏನಂದ್ರೆ ಎರಡೂ ಬೆರೆತಿದೆ. ಆ ಪಾಂಪ್ಲೆಟ್ಟಲ್ಲಿ ಇರೋದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಜಾಸ್ತಿ ಅಪಾಯ. ಮೊದಲು ಒಂದು ಮಾತು ಹೇಳ್ಬಿಡ್ತೀನಿ, ಉಳಿದಿದ್ದು ಆಮೇಲೆ ನಿಧಾನಕ್ಕೆ ಓದಿ. ಯಾವ ಮಾತ್ರೇನೂ ನಿಲ್ಲಿಸೋಕೆ ಬಿಡ್ಬೇಡಿ. ಸ್ಟೆಂಟ್ ಅಂದ್ರೆ ನಾಳದೊಳಗೆ ಕೂತಿರೋ ಲೋಹದ ಜಾಲರಿ, ಅದರ ಮೇಲೆ ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ ಎಕೋಸ್ಪ್ರಿನ್ನು ಕ್ಲೋಪಿಡೋಗ್ರೆಲ್ಲು ಕೊಟ್ಟಿರೋದು. 14 ತಿಂಗಳಾದ್ಮೇಲೆ ಎರಡರಲ್ಲಿ ಒಂದನ್ನ ನಿಲ್ಲಿಸೋ ಟೈಮ್ ಬಂದಿದ್ರೂ ಬಂದಿರ್ಬೋದು, ಆದ್ರೆ ಯಾವುದನ್ನ, ಯಾವಾಗ ಅನ್ನೋದು ಸ್ಟೆಂಟ್ ಹಾಕಿದ ಡಾಕ್ಟ್ರು ಹೇಳ್ಬೇಕು, ಮೈದುನನ ಸ್ನೇಹಿತರಲ್ಲ.

ಈಗ ಆ ಬೆಟಾಡಿನ್ ಆಟಕ್ಕೆ ಬರೋಣ. ಇವತ್ತೇ ನಿಮ್ಮ ಅಡುಗೆಮನೇಲಿ ಒಂದು ಲೋಟ ನೀರಿಗೆ ನಾಲ್ಕು ತೊಟ್ಟು ಬೆಟಾಡಿನ್ ಹಾಕಿ, ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಸಾಲದಿದ್ರೆ ಇನ್ನರ್ಧ ಹೋಳೂ ಹಿಂಡಿ. ಬಣ್ಣ ಹೋಗುತ್ತೆ. ನೆಲ್ಲಿಕಾಯಿ ರಸ ಹಾಕಿದ್ರೂ ಹೋಗುತ್ತೆ. (ಆಮೇಲೆ ಆ ನೀರು ಚೆಲ್ಲಿಬಿಡಿ, ಯಾರೂ ಕುಡೀಬೇಡಿ.) ಬೆಟಾಡಿನ್ನಲ್ಲಿ ಇರೋದು ಅಯೋಡಿನ್, ವಿಟಮಿನ್ ಸಿ ಅದಕ್ಕೆ ಎಲೆಕ್ಟ್ರಾನ್ ಕೊಡುತ್ತೆ, ಬಣ್ಣದ ಅಯೋಡಿನ್ ಬಣ್ಣ ಇಲ್ಲದ ಅಯೋಡೈಡ್ ಆಗುತ್ತೆ. ಅಷ್ಟೇ ವಿಷಯ. ಲೋಟದಲ್ಲಿ ಆಗಿದ್ದು ನಿಜವಾದ ಕೆಮಿಸ್ಟ್ರಿ, ಆದ್ರೆ ರಕ್ತನಾಳ ಅಂದ್ರೆ ಲೋಟ ಅಲ್ವಲ್ಲ. ಲ್ಯಾಬಲ್ಲೂ ಹೆಚ್ಚುಕಮ್ಮಿ ಇದೇ ಆಟ ಇದೆ, ಡಿಪಿಪಿಎಚ್ ಅಂತ ನೇರಳೆ ಬಣ್ಣದ ಒಂದು ದ್ರಾವಣ, ಗಿಡದ ಸತ್ವ ಹಾಕಿದ್ರೆ ಹಳದಿಗೆ ತಿರುಗುತ್ತೆ, ಎಷ್ಟು ತಿರುಗ್ತು ಅಂತ ಮೆಷಿನ್ನಲ್ಲಿ ಅಳೀತೀವಿ. ಟೀ ಸೊಪ್ಪು, ಹುಣಸೆ ಬೀಜದ ಸಿಪ್ಪೆ, ನೇರಳೆ ಬೀಜ, ಏನ್ ಹಾಕಿದ್ರೂ ಸ್ವಲ್ಪವಾದ್ರೂ ತಿರುಗುತ್ತೆ. ಯಾವ ಹಣ್ಣಲ್ಲಿ ಎಷ್ಟು ಆಂಟಿಆಕ್ಸಿಡೆಂಟ್ ಶಕ್ತಿ (ಅಂದ್ರೆ ತುಕ್ಕು ಹಿಡಿಯೋ ಥರದ ಕ್ರಿಯೆ ತಡೆಯೋ ಶಕ್ತಿ) ಅಂತ ಅಮೆರಿಕದ ಕೃಷಿ ಇಲಾಖೆ ಒಂದು ದೊಡ್ಡ ಪಟ್ಟಿನೇ ಇಟ್ಕೊಂಡಿತ್ತು, ಟ್ಯೂಬಲ್ಲಿ ಅಳೆದ ಆ ನಂಬರಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ತೋರಿಸೋಕಾಗಲ್ಲ, ಕಂಪನಿಗಳು ಮಾರಾಟಕ್ಕೆ ದುರುಪಯೋಗ ಮಾಡ್ಕೊಳ್ತಿವೆ ಅಂತ 2012ರಲ್ಲಿ ಅವರೇ ಅದನ್ನ ತೆಗೆದುಹಾಕಿದ್ರು.

"ಮನುಷ್ಯನ ರಕ್ತನಾಳದ ಸೆಲ್" ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾನು ಫಾರ್ಮಕಾಲಜಿ, ಅಂದ್ರೆ ಔಷಧಿ ಶಾಸ್ತ್ರ, ಓದಿ, ಕೋಲಾರಕ್ಕೆ ಬರೋ ಮುಂಚೆ ಕೆಲವು ವರ್ಷ ಅದೇ ಕೆಲಸ ಮಾಡ್ತಿದ್ದೋನು. ಆ ಸೆಲ್ಲುಗಳು ಬರೋದು ಹೊಕ್ಕುಳ ಬಳ್ಳಿಯಿಂದ. ಹೆರಿಗೆ ಆದ್ಮೇಲೆ ತಾಯಿಯ ಒಪ್ಪಿಗೆ ತಗೊಂಡು ಒಂದು ಗೇಣುದ್ದ ಬಳ್ಳಿನ ತಣ್ಣಗಿನ ಡಬ್ಬೀಲಿ ತಂದುಕೊಡೋರು. ಅದರಲ್ಲಿ ಎರಡು ಸಣ್ಣ ಅಪಧಮನಿ, ಒಂದು ದಪ್ಪ ಅಭಿಧಮನಿ ಇರ್ತಾವೆ. ದಪ್ಪದಕ್ಕೆ ಸೂಜಿ ತೂರಿಸಿ ಒಳಗಿನ ರಕ್ತ ಎಲ್ಲ ತೊಳೆದು, ಕೊಲಾಜಿನೇಸ್ ಅನ್ನೋ ಕಿಣ್ವ ತುಂಬಿ ಎರಡೂ ಕಡೆ ಕ್ಲಿಪ್ ಹಾಕಿ, ಮೈ ಬಿಸಿಯಷ್ಟೇ ಬಿಸೀಲಿ ಸ್ವಲ್ಪ ಹೊತ್ತು ಇಟ್ರೆ ಒಳಪದರದ ಸೆಲ್ಲುಗಳು ಬಿಟ್ಕೊಳ್ತಾವೆ. 1973ರಿಂದ ನಡ್ಕೊಂಡು ಬಂದಿರೋ ವಿಧಾನ ಇದು. ಡಿಶ್ಶಲ್ಲಿ, ಅಂದ್ರೆ ಲ್ಯಾಬಿನ ಪುಟ್ಟ ತಟ್ಟೇಲಿ, ಬೆಳೆಸಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಹಳೇ ದೇವಸ್ಥಾನದ ಅಂಗಳಕ್ಕೆ ಕಲ್ಲು ಹಾಸಿದ ಹಾಗೆ ಒಂದಕ್ಕೊಂದು ಅಂಟಿ ಒಂದೇ ವರಸೆ ಕೂತಿರ್ತಾವೆ, ನೋಡೋಕೆ ಬಹಳ ಚೆಂದ. ನಮ್ಮ ಮೈಯಲ್ಲಿರೋ ಎಲ್ಲಾ ರಕ್ತನಾಳಕ್ಕೂ ಒಳಗಡೆ ಇರೋದು ಇದೇ ಥರ ಒಂದೇ ಒಂದು ಪದರ.

ಈ ಪದರ ಸುಮ್ನೆ ಗೋಡೆಗೆ ಬಳಿದ ಸುಣ್ಣ ಅಲ್ಲ, ಅದು ಕೆಲಸ ಮಾಡುತ್ತೆ. ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಟ್ಟು ನಾಳ ಸಡಿಲ ಇರೋ ಹಾಗೆ ನೋಡ್ಕೊಳ್ಳುತ್ತೆ, ಇದನ್ನ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಇದೆಯಲ್ಲ, ಅದು ಮಾಡೋದೂ ಇದೇ ಕೆಲಸ. ಶುಗರ್ರು, ಬಿಪಿ, ಕೆಟ್ಟ ಕೊಲೆಸ್ಟ್ರಾಲು, ಹೊಗೆ, ಇವೆಲ್ಲ ಸೇರಿ ಈ ಪದರಾನ ಕೆರಳಿಸಿದಾಗ ಅದು ತನ್ನ ಮೈಮೇಲೆ ಅಂಟು ಅಂಟಾದ ಪ್ರೋಟೀನುಗಳನ್ನ ಎಬ್ಬಿಸುತ್ತೆ, ರಕ್ತದಲ್ಲಿ ಹೋಗ್ತಿರೋ ಬಿಳಿ ಕಣಗಳು ಅದಕ್ಕೆ ಅಂಟ್ಕೊಂಡು ಗೋಡೆ ಒಳಗೆ ನುಗ್ಗಿ ಅಲ್ಲಿರೋ ಕೊಬ್ಬು ತಿಂದು ಉಬ್ಬಿ ಕೂತ್ಕೊಳ್ತಾವೆ, ಬ್ಲಾಕ್ ಶುರುವಾಗೋದು ಹೀಗೆ. ರಕ್ತನಾಳದ ಉರಿಯೂತ ಅಂತ ಅಂತೀವಲ್ಲ, ಇದೇನೇ. ಕೈಕಾಲು ಊದೋ ಹಾಗೆ ಕಣ್ಣಿಗೆ ಕಾಣಲ್ಲ.

ಲ್ಯಾಬಲ್ಲಿ ಏನ್ ಮಾಡ್ತೀವಿ ಅಂದ್ರೆ ಆ ಸೆಲ್ಲುಗಳಿಗೆ ಟಿಎನ್‌ಎಫ್ ಅನ್ನೋ ಕೆರಳಿಸೋ ಪ್ರೋಟೀನ್ ಹಾಕಿ ಬೇಕು ಅಂತಲೇ ಉರಿ ಹಚ್ತೀವಿ, ಗಿಡದ ಸತ್ವ ಹಾಕಿದ ಡಿಶ್ಶಲ್ಲಿ ಅಂಟು ಪ್ರೋಟೀನು ಎಷ್ಟು ಕಮ್ಮಿ ಆಯ್ತು ಅಂತ ಅಳೀತೀವಿ. ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿ ಬೀಜ, ಹಸಿರು ಟೀ, ದಾಳಿಂಬೆ, ಇವೆಲ್ಲ ಕಮ್ಮಿ ಮಾಡ್ತಾವೆ, ಇದು ನಿಜ, ಎಷ್ಟೋ ಲ್ಯಾಬಲ್ಲಿ ಬಂದಿದೆ. ಅದೂ ಬರೀ ತುಕ್ಕು ಒರೆಸಿ ಅಲ್ಲ. ಸೆಲ್ಲಿಗೆ ಇವು ಸಣ್ಣ ವಿಷ ಇದ್ದ ಹಾಗೆ, ಆ ಚುರುಕಿಗೆ ಸೆಲ್ಲು ಎಚ್ಚೆತ್ಕೊಂಡು ತನ್ನದೇ ರಕ್ಷಣೆ ಕಿಣ್ವಗಳನ್ನ ತಯಾರು ಮಾಡ್ಕೊಳ್ಳುತ್ತೆ. ಆಂಟಿಆಕ್ಸಿಡೆಂಟ್ ಅನ್ನೋ ಹೆಸರೇ ಅರ್ಧ ತಪ್ಪು ಅಂತ ನನಗೆ ಯಾವಾಗಲೂ ಅನ್ಸುತ್ತೆ.

ಹಾಗಾದ್ರೆ ತೊಂದರೆ ಎಲ್ಲಿ? ಡೋಸಲ್ಲಿ.

ಡಿಶ್ಶಿಗೆ ಕರ್ಕ್ಯುಮಿನ್ ಹಾಕೋದು ಸಾಮಾನ್ಯವಾಗಿ 10, 20 ಮೈಕ್ರೋಮೋಲಾರ್. 20 ಅಂದ್ರೆ ಲೀಟರಿಗೆ 7 ಮಿಲಿಗ್ರಾಂ ಚಿಲ್ಲರೆ, ನೇರವಾಗಿ ಸೆಲ್ಲಿನ ಮೇಲೆ ಸುರೀತೀವಿ. ಬಾಯಲ್ಲಿ ನುಂಗಿದ್ರೆ ಅದು ಕರುಳಲ್ಲೇ ಸರಿಯಾಗಿ ಒಳಗೆ ಹೋಗಲ್ಲ, ಹೋಗಿದ್ದನ್ನೂ ಕರುಳು ಲಿವರ್ರು ಸೇರಿ ತಕ್ಷಣ ರೂಪ ಬದಲಾಯಿಸಿ ಆಚೆ ಕಳಿಸೋಕೆ ರೆಡಿ ಮಾಡ್ತಾವೆ. 1998ರಲ್ಲಿ ಪ್ರಕಟವಾದ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಅಧ್ಯಯನದಲ್ಲಿ ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ರಕ್ತ ನೋಡಿದ್ರೆ ಸಿಕ್ಕಿದ್ದು ಇಲ್ಲ ಅನ್ನೋಷ್ಟು ಕಮ್ಮಿ. 2 ಗ್ರಾಂ ಕರ್ಕ್ಯುಮಿನ್ ಅಂದ್ರೆ ಅರಿಶಿನ ಪುಡಿ ಲೆಕ್ಕದಲ್ಲಿ ಸುಮಾರು 60, 70 ಗ್ರಾಂ, ಸಾರಿಗೆ ಹಾಕೋ ಚಿಟಿಕೆ ಎಲ್ಲಿ ಇದೆಲ್ಲಿ. ಅದೇ ಅಧ್ಯಯನದಲ್ಲಿ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಜೊತೆ ಕೊಟ್ಟಾಗ 2000 ಪರ್ಸೆಂಟ್ ಜಾಸ್ತಿ ಆಯ್ತು. ಮೆಣಸು ಸೇರಿಸಿರೋ ಅರಿಶಿನದ ಮಾತ್ರೆ ಮಾರೋರ ಬಾಯಲ್ಲಿ ಓಡಾಡೋ 2000 ಇದೇ. ಇಲ್ಲ ಅನ್ನೋಷ್ಟರ 20 ಪಟ್ಟು ಎಷ್ಟಾಗುತ್ತೆ ಹೇಳಿ, ಡಿಶ್ಶಿನ ಲೆಕ್ಕಕ್ಕೆ ಹತ್ತಿರನೂ ಬರಲ್ಲ. ದ್ರಾಕ್ಷಿ ಬೀಜದಲ್ಲಿರೋ ಪ್ರೊಆಂಥೋಸಯನಿಡಿನ್ ಅನ್ನೋ ಸತ್ವದ ಕಥೇನೂ ಹೀಗೇ, ಅದರ ಅಣುಗಳು ಸರಪಳಿ ಥರ ಉದ್ದ ಇರ್ತಾವೆ, ಉದ್ದದವು ಕರುಳು ದಾಟಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನ ಚೂರು ಮಾಡಿದ್ಮೇಲೆ ರಕ್ತಕ್ಕೆ ಹೋಗೋದು ಬೇರೇನೇ ಪದಾರ್ಥ.

ಇನ್ನೊಂದು ಹೇಳ್ಬೇಕು, ಹೇಳೋಕೆ ನಾಚಿಕೆನೂ ಆಗುತ್ತೆ. ನಾವೂ ಒಂದ್ಸಲ ನೇರಳೆ ಬೀಜದ ಸತ್ವ ಹಾಕಿ ಉರಿಯೂತ ಭಾರೀ ಇಳಿದುಬಿಟ್ಟಿದೆ ಅಂತ ಖುಷಿಯಾಗಿ ಗೈಡ್ ಹತ್ರ ಓಡಿದ್ವಿ. ಅವರು ಗ್ರಾಫ್ ನೋಡ್ಲೇ ಇಲ್ಲ, ಡಿಶ್ ತಂದು ತೋರ್ಸು ಅಂದ್ರು. ನೋಡಿದ್ರೆ ಡೋಸ್ ಜಾಸ್ತಿಯಾಗಿ ಅರ್ಧಕ್ಕರ್ಧ ಸೆಲ್ಲು ಸತ್ತು ತೇಲ್ತಾ ಇದ್ವು. ಸೆಲ್ಲೇ ಇಲ್ಲ ಅಂದ್ಮೇಲೆ ಅಂಟು ಪ್ರೋಟೀನು ಎಲ್ಲಿಂದ ಬರುತ್ತೆ! ಅದಾದ್ಮೇಲೆ ಇನ್ನೊಂದು ಗೊತ್ತಾಯ್ತು, ಇಂಥ ಎಷ್ಟೋ ಸತ್ವಗಳು ಡಿಶ್ಶಿನ ದ್ರವದಲ್ಲಿ ಬಿದ್ದ ತಕ್ಷಣ ತಾವೇ ಆಕ್ಸಿಡೈಸ್ ಆಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸ್ತಾವೆ, ಅಂದ್ರೆ ಆಂಟಿಆಕ್ಸಿಡೆಂಟ್ ಅಂತ ಹಾಕಿದ್ದು ಅಲ್ಲಿ ಉಲ್ಟಾ ಕೆಲಸ ಮಾಡ್ತಾ ಇರುತ್ತೆ. ಪಾಂಪ್ಲೆಟ್ಟಲ್ಲಿ ಪ್ರೂವ್ಡ್ ಅಂತ ಬರೆಯೋರಿಗೆ ಇದೆಲ್ಲ ಬೇಡ.

ಸರಿ, ಡಿಶ್ ಬಿಟ್ಟು ಮನುಷ್ಯರಿಗೇ ಕೊಟ್ಟು ನೋಡಿಲ್ವಾ ಅಂದ್ರೆ ನೋಡಿದಾರೆ. 2000ದಲ್ಲಿ ಬಂದ ಹೋಪ್ ಅನ್ನೋ ಟ್ರಯಲ್ಲಲ್ಲಿ 9500ಕ್ಕೂ ಹೆಚ್ಚು ಹೃದಯದ ರಿಸ್ಕ್ ಇರೋರಿಗೆ ನಾಲ್ಕೂವರೆ ವರ್ಷ ವಿಟಮಿನ್ ಇ ಇಲ್ಲಾ ಡಮ್ಮಿ ಮಾತ್ರೆ ಕೊಟ್ರು, ಹಾರ್ಟ್ ಅಟ್ಯಾಕ್ ಕಮ್ಮಿ ಆಗ್ಲಿಲ್ಲ. ಕೋಕೋ ಸತ್ವ 21 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷೆ ಮಾಡಿ 2022ರಲ್ಲಿ ಫಲಿತಾಂಶ ಕೊಟ್ರು, ಹೃದಯದ ಒಟ್ಟು ತೊಂದರೆಗಳಲ್ಲಿ ಗಟ್ಟಿಯಾಗಿ ಹೇಳೋ ಅಂಥ ವ್ಯತ್ಯಾಸ ಬರ್ಲಿಲ್ಲ, ಹೃದಯದಿಂದ ಆಗೋ ಸಾವು ಮಾತ್ರ ಕಮ್ಮಿ ಕಾಣಿಸ್ತು, ಅದನ್ನ ಇನ್ನೂ ಬೇರೆ ಟ್ರಯಲ್ಲು ಖಾತ್ರಿ ಮಾಡ್ಬೇಕು. ದ್ರಾಕ್ಷಿ ಬೀಜದ ಸತ್ವಕ್ಕೆ ಬಿಪಿ ಸ್ವಲ್ಪ ಇಳಿಯುತ್ತೆ ಅಂತ ಸಣ್ಣ ಸಣ್ಣ ಟ್ರಯಲ್ಲುಗಳಲ್ಲಿ ಇದೆ. ಸ್ಟೆಂಟ್ ಹಾಕಿಸ್ಕೊಂಡೋರಿಗೆ ಮಾತ್ರೆ ಬದಲಿಗೆ ಕೊಟ್ಟು ಒಳ್ಳೇದಾಯ್ತು ಅಂತ ಎಲ್ಲೂ ಇಲ್ಲ.

ಆದ್ರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಹೊಡೆದಿದ್ದು ಕ್ಯಾಪ್ಸೂಲ್ ಅಲ್ಲ, ಆ ಬೀಡಿ. ನಾಲ್ಕೈದಕ್ಕೆ ಬಂದಿದಾರೆ ಅಂತ ಸಮಾಧಾನದಲ್ಲಿ ಬರೆದಿದೀರ. ಬೀಡಿ ಹೊಗೆಯ ಒಂದೊಂದು ದಮ್ಮಲ್ಲೂ ಲೆಕ್ಕ ಇಲ್ಲದಷ್ಟು ಫ್ರೀ ರಾಡಿಕಲ್ಲು (ಸಿಕ್ಕಿದ್ದನ್ನೆಲ್ಲ ತುಕ್ಕು ಹಿಡಿಸೋ ಥರದ ಅಣುಗಳು), ಅವು ಆ ನೈಟ್ರಿಕ್ ಆಕ್ಸೈಡನ್ನ ಹುಟ್ಟಿದ ಜಾಗದಲ್ಲೇ ಸುಟ್ಟು ಹಾಕ್ತಾವೆ. ಒಂದು ಕಡೆ ತಿಂಗಳಿಗೆ 2400 ಕೊಟ್ಟು ಆಂಟಿಆಕ್ಸಿಡೆಂಟ್, ಇನ್ನೊಂದು ಕಡೆ ದಿನಕ್ಕೆ ಐದು ಬೀಡಿ, ಇದು ತೂತು ಬಿದ್ದ ಡ್ರಿಪ್ ಪೈಪಿಗೆ ಇನ್ನೊಂದು ಬೋರ್ ಕೊರೆಸಿದ ಹಾಗೆ. ನಾಲ್ಕೈದು ಕಮ್ಮಿ ಅಲ್ಲ, ಹೃದಯದ ವಿಷಯದಲ್ಲಿ ಬೀಡಿ ಕಾಲು ಭಾಗಕ್ಕೆ ಇಳಿಸಿದ್ರೆ ಅಪಾಯ ಕಾಲು ಭಾಗಕ್ಕೆ ಇಳಿಯಲ್ಲ. ಇನ್ನೂ ಒಂದು ಕೇಳಿ, ಫಿನ್ಲೆಂಡಲ್ಲಿ 29 ಸಾವಿರಕ್ಕೂ ಹೆಚ್ಚು ಸಿಗರೇಟ್ ಸೇದೋ ಗಂಡಸರನ್ನ ಸೇರಿಸ್ಕೊಂಡು ಬೀಟಾ ಕೆರೋಟಿನ್ ಪರೀಕ್ಷೆ ಮಾಡಿದ್ರು, ಕ್ಯಾರೆಟ್ಟಲ್ಲಿರೋ ಅದೇ ಆಂಟಿಆಕ್ಸಿಡೆಂಟ್. 1994ರಲ್ಲಿ ನೋಡಿದ್ರೆ ಅದನ್ನ ತಗೊಂಡೋರಲ್ಲೇ ಶ್ವಾಸಕೋಶದ ಕ್ಯಾನ್ಸರ್ 18 ಪರ್ಸೆಂಟ್ ಜಾಸ್ತಿ. ಕ್ಯಾರೆಟ್ ತಿಂದು ಯಾರಿಗೂ ಹಾಗಾಗಲ್ಲ, ಅದೊಂದನ್ನೇ ಮಾತ್ರೆ ಮಾಡಿ ಸಿಗರೇಟ್ ಸೇದೋರು ವರ್ಷಗಟ್ಟಲೆ ನುಂಗಿದ್ರೆ ಆಗ್ಬೋದು. ಬೀಡಿ ಬಿಡೋಕೆ ನಿಕೋಟಿನ್ ಗಮ್ ಸಿಗುತ್ತೆ, ಜಿಲ್ಲಾ ಆಸ್ಪತ್ರೇಲಿ ತಂಬಾಕು ಬಿಡಿಸೋ ಸಲಹಾ ಕೇಂದ್ರ ಇರುತ್ತೆ, ವಿಚಾರಿಸಿ.

ಈಗ ನಿಮ್ಮ ಯಜಮಾನ್ರ ಮಾತಿಗೆ ಬರ್ತೀನಿ, ಇಂಗ್ಲಿಷ್ ಮಾತ್ರೆ ಬೇಡ ಗಿಡದ್ದು ಬೇಕು ಅನ್ನೋದು. ಅವರಿಗೆ ಇದನ್ನ ಓದಿ ಹೇಳಿ. ಎಕೋಸ್ಪ್ರಿನ್ ಅಂದ್ರೆ ಆಸ್ಪಿರಿನ್, ಅದರ ಮೂಲ ವಿಲೋ ಅನ್ನೋ ಮರದ ತೊಗಟೆ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ನಿನ ಮೂಲ ಯುರೋಪಿನ ಗ್ಯಾಲಿಗಾ ಅನ್ನೋ ಗಿಡ. ಕೊಲೆಸ್ಟ್ರಾಲ್ ಮಾತ್ರೆ ಅಟೋರ್ವಾಸ್ಟಾಟಿನ್ ಫ್ಯಾಕ್ಟರಿ ಮಾಲೇ, ಆದ್ರೆ ಅದರ ವಂಶದ ಮೊದಲ ಔಷಧಿ 1970ರ ದಶಕದಲ್ಲಿ ಜಪಾನಲ್ಲಿ ಅಕಿರಾ ಎಂಡೋ ಬೂಸ್ಟಿನಿಂದ ತೆಗೆದಿದ್ದು. ಅದೂ ಅಲ್ದೆ ಸ್ಟಾಟಿನ್ ಅನ್ನೋ ಈ ವಂಶದ ಔಷಧಿ ಕೊಲೆಸ್ಟ್ರಾಲ್ ಒಂದೇ ಇಳಿಸಲ್ಲ, ಉರಿಯೂತ ತೋರಿಸೋ ಸಿಆರ್‌ಪಿ ಅನ್ನೋ ಅಂಶಾನೂ ರಕ್ತದಲ್ಲಿ ಇಳಿಸುತ್ತೆ. ಅಂದ್ರೆ ಅವರು ಕೇಳ್ತಿರೋ ರಕ್ತನಾಳದ ಉರಿ ಆರಿಸೋ ಮಾತ್ರೆ ಆಗಲೇ ಅವರ ಡಬ್ಬೀಲಿದೆ, ಅವರು ಬಿಡೋಕೆ ಹೊರಟಿರೋದು ಅದನ್ನೇ.

ಗಿಡದಿಂದ ಬಂದು ರಕ್ತನಾಳದ ಉರಿಯೂತಕ್ಕೇ ಅಂತ ಟ್ರಯಲ್ಲಲ್ಲಿ ಗೆದ್ದ ಔಷಧಿನೂ ಒಂದಿದೆ, ಕಾಲ್ಚಿಸಿನ್, ಗೌಟ್ ಅನ್ನೋ ಕೀಲು ಊದೋ ಕಾಯಿಲೆಗೆ ಹಳೇ ಕಾಲದಿಂದ ಕೊಡ್ತಿದ್ದದ್ದು. 2020ರಲ್ಲಿ 5500 ಹೃದಯ ರೋಗಿಗಳ ಟ್ರಯಲ್ಲಲ್ಲಿ ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟಾಗ ಹಾರ್ಟ್ ಅಟ್ಯಾಕ್ ಸ್ಟ್ರೋಕ್ ಅಂಥವು ಸುಮಾರು 31 ಪರ್ಸೆಂಟ್ ಕಮ್ಮಿ ಆದ್ವು, 2023ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆನೂ ಸಿಕ್ತು, ಆದ್ರೆ 2024ರಲ್ಲಿ ಹಾರ್ಟ್ ಅಟ್ಯಾಕ್ ಆದ ತಕ್ಷಣ ಕೊಟ್ಟು ನೋಡಿದ ಇನ್ನೊಂದು ದೊಡ್ಡ ಟ್ರಯಲ್ಲಲ್ಲಿ ಲಾಭ ಕಾಣಿಸ್ಲಿಲ್ಲ. ಈ ಕಾಲ್ಚಿಸಿನ್ ಎಲ್ಲಿರುತ್ತೆ ಗೊತ್ತಾ? ಮಳೆಗಾಲದಲ್ಲಿ ನಮ್ಮ ಬೇಲಿ ಮೇಲೆ ಕೆಂಪು ಹಳದಿ ಬೆಂಕಿ ಉರಿದ ಹಾಗೆ ಬಿಡುತ್ತಲ್ಲ ಅಗ್ನಿಶಿಖೆ, ಗೌರಿ ಹೂ ಅಂತೀವಲ್ಲ, ಅದರ ಗೆಡ್ಡೇಲಿ, ಬೀಜದಲ್ಲಿ. ಆ ಗೆಡ್ಡೆ ತಿಂದ್ರೆ ಮನುಷ್ಯ ಸಾಯ್ತಾನೆ, ಗೆಣಸು ಅಂದ್ಕೊಂಡು ತಿಂದು ಸತ್ತೋರಿದಾರೆ. ಅದೇ ಪದಾರ್ಥ, ಅರ್ಧ ಮಿಲಿಗ್ರಾಂ ಅಳೆದು ಕೊಟ್ರೆ ಔಷಧಿ. (ದಯವಿಟ್ಟು ಇದನ್ನ ಓದಿ ಮೆಡಿಕಲ್ ಸ್ಟೋರಿಂದ ಕಾಲ್ಚಿಸಿನ್ ತಂದು ನುಂಗ್ಬೇಡಿ, ಸ್ಟಾಟಿನ್ ಜೊತೆ, ಕಿಡ್ನಿ ವೀಕ್ ಇರೋರಿಗೆ ಅದು ಬೇರೆ ಲೆಕ್ಕ.)

ಹಾಗಾದ್ರೆ ಆ ಕ್ಯಾಪ್ಸೂಲ್ ತಗೊಂಡ್ರೆ ಏನಾಗ್ಬೋದು? ಬಹಳ ಜನಕ್ಕೆ ಏನೂ ಆಗಲ್ಲ, ದುಡ್ಡು ಹೋಗುತ್ತೆ. ಆದ್ರೆ ನಿಮ್ಮೆಜಮಾನ್ರ ಕೇಸಲ್ಲಿ ಮೂರು ಭಯ ಇದೆ. ರಕ್ತ ತೆಳು ಮಾಡೋ ಎರಡು ಮಾತ್ರೆ ಆಗಲೇ ತಗೊಳ್ತಾ ಇದಾರೆ, ಅರಿಶಿನ ಮತ್ತೆ ದ್ರಾಕ್ಷಿ ಬೀಜದ ಗಟ್ಟಿ ಸತ್ವ, ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣಗಳು ಅಂಟೋದನ್ನ ಇನ್ನೂ ಕಮ್ಮಿ ಮಾಡ್ಬೋದು, ಮೂಗಲ್ಲಿ ವಸಡಲ್ಲಿ ರಕ್ತ, ಕಪ್ಪಗೆ ಟಾರಿನ ಥರ ಮಲ ಕಂಡ್ರೆ ತಡ ಮಾಡಂಗಿಲ್ಲ. ಎರಡನೇದು ಪೈಪರಿನ್, ಅದು ಕರ್ಕ್ಯುಮಿನ್ ಒಂದನ್ನೇ ಒಳಗೆ ಬಿಡಲ್ಲ, ಔಷಧಿಗಳನ್ನ ಮುರಿದು ಹಾಕೋ ಲಿವರ್ ಕಿಣ್ವಗಳನ್ನೇ ತಡೆಯುತ್ತೆ, ಅದೇ ದಾರೀಲಿ ಹೋಗೋ ಅಟೋರ್ವಾಸ್ಟಾಟಿನ್ ರಕ್ತದಲ್ಲಿ ಜಾಸ್ತಿ ಉಳ್ಕೋಬೋದು, ಆಗ ತೊಡೆ ನೋವು ಭುಜ ನೋವು ಬರುತ್ತೆ, ನಾವು ತೋಟದ ಕೆಲಸಕ್ಕೆ ಅಂದ್ಕೊಂಡು ಸುಮ್ನಿರ್ತೀವಿ. ಚಕ್ಕೋತ ಹಣ್ಣಲ್ಲೂ ಇದೇ ಕಿಣ್ವಾನ ತಡೆಯೋ ಅಂಶ ಇದೆ, ದೇವನಹಳ್ಳಿ ಚಕ್ಕೋತ ಸೀಸನ್ನಲ್ಲಿ ಅಪರೂಪಕ್ಕೆ ಎರಡು ತೊಳೆ ತಿಂದ್ರೆ ಗಾಬರಿ ಬೇಡ, ದಿನಾ ಒಂದೊಂದು ಹಣ್ಣು ಬೇಡ. ಸಾರಿಗೆ ಹಾಕೋ ಮೆಣಸಿಗೂ ಹೆದರ್ಬೇಡಿ. ಮೂರನೇದು ಲಿವರ್ರು. ಅರಿಶಿನದ ಕ್ಯಾಪ್ಸೂಲಿಂದ ಲಿವರ್ ಹೊಡೆತ ಬಿದ್ದ 10 ಜನರ ಕೇಸನ್ನ ಅಮೆರಿಕದ ತಜ್ಞರು 2022ರಲ್ಲಿ ವಿವರವಾಗಿ ಬರೆದ್ರು, ಅದರಲ್ಲಿ 7 ಜನಕ್ಕೆ ಒಂದೇ ಥರದ ಜೀನ್ ಇತ್ತು, ಒಬ್ಬರು ತೀರ್ಕೊಂಡ್ರು. ಕೋವಿಡ್ ಟೈಮಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಡಿಸ್ಕೊಂಡೋರ ಕೇಸು ಮುಂಬೈಯಿಂದಲೂ ಬಂತು. ಅಪರೂಪನೇ, ಆದ್ರೆ ಮೂತ್ರ ಕಡು ಹಳದಿ ಆದ್ರೆ, ಕಣ್ಣು ಹಳದಿ ಆದ್ರೆ, ಊಟ ಸೇರದೆ ಮೈ ತುರಿಸಿದ್ರೆ ಆ ಬಾಟಲ್ ಅವತ್ತೇ ನಿಲ್ಲಿಸಿ ಲಿವರ್ ಟೆಸ್ಟ್ ಮಾಡಿಸ್ಬೇಕು.

ಬಾಟಲ್ ಹಿಂದಗಡೆ ತಿರುಗಿಸಿ ನೋಡಿ. ಆಹಾರದ ಲೈಸೆನ್ಸಲ್ಲಿ ಮಾರ್ತಿದ್ರೆ ಔಷಧಿಯಾಗಿ ಬಳಸೋಕಲ್ಲ ಅಂತ ಇಂಗ್ಲಿಷಲ್ಲಿ ಪ್ರಿಂಟ್ ಆಗಿರ್ಲೇಬೇಕು, ಕಾನೂನಿದೆ. ಮನೆಗೆ ಬಂದೋರು ಬಾಯಲ್ಲಿ ಹೇಳಿದ್ದಕ್ಕೂ ಬಾಟಲ್ ಮೇಲೆ ಬರೆದಿದ್ದಕ್ಕೂ ವ್ಯತ್ಯಾಸ ಯಜಮಾನ್ರಿಗೇ ಕಾಣ್ಲಿ.

ದ್ರಾಕ್ಷಿ ಬೀಜ ನೀವೇ ಪುಡಿ ಮಾಡೋದು ಬೇಡ ಅಮ್ಮಾ. ಹಣ್ಣಿನ ಜೊತೆ ಒಂದೆರಡು ಬೀಜ ಅಗಿದು ನುಂಗಿದ್ರೆ ತೊಂದರೆ ಇಲ್ಲ, ಆದ್ರೆ ನಿಮಗೇ ಗೊತ್ತು ದ್ರಾಕ್ಷಿಗೆ ಚಾಟನಿಯಿಂದ (ಬಳ್ಳಿ ಕತ್ತರಿಸೋದ್ರಿಂದ) ಕೊಯ್ಲವರೆಗೂ ಎಷ್ಟು ಸ್ಪ್ರೇ ಬೀಳುತ್ತೆ ಅಂತ, ಬೋರ್ಡೋ ದ್ರಾವಣ ಒಂದೇ ಅಲ್ವಲ್ಲ. ಹಣ್ಣಾದ್ರೆ ತೊಳೆದು ತಿಂತೀವಿ, ಸಿಪ್ಪೆ ಅಂಟಿರೋ ಕೆಜಿಗಟ್ಟಲೆ ಬೀಜ ಒಣಗಿಸಿ ಪುಡಿ ಮಾಡಿದ್ರೆ ಉಳಿದಿರೋದೆಲ್ಲ ಒಂದು ಚಮಚಕ್ಕೆ ಬಂದು ಕೂರುತ್ತೆ, ಸರಿಯಾಗಿ ಒಣಗದಿದ್ರೆ ಬೂಸ್ಟು ಬೇರೆ. ಸ್ಪ್ರೇ ಹೊಡೆಯೋ ದಿನ ಯಜಮಾನ್ರು ಮುಖಕ್ಕೆ ಏನಾದ್ರೂ ಕಟ್ಕೊಳ್ತಾರಾ, ಅದನ್ನೂ ನೋಡಿ.

ಗಿಡದ ಸತ್ವ ಬೇಕೇ ಬೇಕು ಅಂದ್ರೆ ಬಸ್ಸಾರು ಮಾಡಿ ಹಾಕಿ, ತಮಾಷೆ ಮಾಡ್ತಿಲ್ಲ. ದಂಟಿನ ಸೊಪ್ಪು, ಬೀಟ್‌ರೂಟು ಇವುಗಳಲ್ಲಿ ನೈಟ್ರೇಟ್ ಇರುತ್ತೆ, ಬಾಯಲ್ಲಿರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡಿ ಕೊಡ್ತಾವೆ, ಅದರಿಂದ ಮೈಯಲ್ಲಿ ಅದೇ ನೈಟ್ರಿಕ್ ಆಕ್ಸೈಡ್ ಆಗುತ್ತೆ. ನೈಟ್ರೇಟ್ ನೀರಲ್ಲಿ ಕರಗೋ ಪದಾರ್ಥ, ಬೇರೆ ಕಡೆ ಸೊಪ್ಪು ಬೇಯಿಸಿದ ನೀರು ಚೆಲ್ತಾರೆ, ನಮ್ಮಲ್ಲಿ ಬಸಿದ ನೀರೇ ಸಾರು. ಜೊತೆಗೆ ರಾಗಿ ಮುದ್ದೆ, ರಾಗಿಯ ಪಾಲಿಫಿನಾಲ್ ಅನ್ನೋ ಇಂಥದ್ದೇ ಸತ್ವ ಇರೋದೆಲ್ಲ ಹೆಚ್ಚಾಗಿ ಆ ಕೆಂಪು ಸಿಪ್ಪೇಲಿ, ಹಿಟ್ಟು ತೀರಾ ಜರಡಿ ಹಿಡೀಬೇಡಿ. ಶುಗರ್ ಇರೋದ್ರಿಂದ ಮುದ್ದೆ ಗಾತ್ರ ಚಿಕ್ಕದಿರ್ಲಿ, ಸೊಪ್ಪು ಕಾಳು ಜಾಸ್ತಿ ಇರ್ಲಿ, ಉಪ್ಪು ಕಮ್ಮಿ. ಇದನ್ನೇ ಜ್ಯೂಸ್ ಮಾಡಿ ಲೋಟಗಟ್ಟಲೆ ಕುಡಿಸೋಕೆ ಹೋಗ್ಬೇಡಿ, ಬಿಪಿಗೆ ಟೆಲ್ಮಿಸಾರ್ಟಾನ್ ತಗೊಳ್ಳೋರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರ್ಬೋದು, ಕಿಡ್ನಿ ಸರಿ ಇಲ್ಲದಿದ್ರೆ ಇನ್ನೂ ಕಷ್ಟ.

ಮುಂದಿನ ಚೆಕಪ್ಪಿಗೆ ಹೋಗ್ವಾಗ ಆ ಬಾಟಲ್ಲು, ಪಾಂಪ್ಲೆಟ್ಟು, ಈಗ ತಗೊಳ್ತಿರೋ ಎಲ್ಲಾ ಮಾತ್ರೆ ಒಂದೇ ಕವರಲ್ಲಿ ಹಾಕ್ಕೊಂಡು ಹೋಗಿ ಟೇಬಲ್ ಮೇಲೆ ಸುರೀರಿ. ಮೂರು ಕೇಳಿ: ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲು) ಈಗ ಎಷ್ಟಿದೆ ಎಷ್ಟಿರ್ಬೇಕು, ಕ್ಲೋಪಿಡೋಗ್ರೆಲ್ ಇನ್ನೂ ಎಷ್ಟು ದಿನ, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ನು, ಪೊಟ್ಯಾಸಿಯಂ ಯಾವಾಗ ನೋಡಿದ್ದು. ಇಂಗ್ಲಿಷ್ ಮಾತ್ರೆ ಬಿಡ್ಬೇಕು ಅಂತ ಯಜಮಾನ್ರಿಗೆ ಯಾಕೆ ಅನ್ನಿಸ್ತು ಅನ್ನೋದನ್ನೂ ಅಲ್ಲಿ ಅವರ ಬಾಯಿಂದಲೇ ಹೇಳಿಸಿ. ಮೈಕೈ ನೋವೋ, ಗ್ಯಾಸ್ಟ್ರಿಕ್ಕೋ, ಇಲ್ಲಾ ತಿಂಗಳ ಖರ್ಚೋ, ನೀವು ಅದನ್ನ ಬರೆದಿಲ್ಲ. ಖರ್ಚು ಅಂದ್ರೆ ಜನೌಷಧಿ ಅಂಗಡೀಲಿ ಇದೇ ಮಾತ್ರೆಗಳು ಬಹಳ ಕಮ್ಮಿಗೆ ಸಿಗ್ತಾವೆ, ಆ 2400 ನಿಮ್ಮ ಹತ್ರನೇ ಉಳಿಯುತ್ತೆ. ಮೈಕೈ ನೋವಾದ್ರೆ ಸ್ಟಾಟಿನ್ ಡೋಸು ಇಳಿಸಿ ಇಲ್ಲಾ ಬೇರೆ ಸ್ಟಾಟಿನ್ನಿಗೆ ಬದಲಾಯಿಸಿ ನೋಡ್ಬೋದು, ಅದನ್ನ ಡಾಕ್ಟ್ರು ಮಾಡಿಕೊಡ್ತಾರೆ.